ಅಜ್ಜಿಯ ಹಿಮ್ಮಡಿ, ಗುರುವಾರದ ನೀರು

ಈ ಸಲದ ಪವಿತ್ರ ಗುರುವಾರ ನನ್ನ ಬಲಗಾಲಿನ ಮೇಲೆ ನೀರು ಬಿತ್ತು. ಹಿತ್ತಾಳೆ ತಂಬಿಗೆಯಿಂದ ಸಣ್ಣಗೆ ಸುರಿದ ತಣ್ಣೀರು. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ಆ ದಿನ ಚರ್ಚಿನ ಪಾದ್ರಿಗಳು, ಅಂದರೆ ನಮ್ಮ ಸ್ವಾಮಿಗಳು, ಕೆಲವರ ಪಾದ ತೊಳೆಯುತ್ತಾರೆ. ಸ್ವಾಮಿಗಳು ಮಂಡಿಯೂರಿ, ಬೆರಳ ಸಂದಿಯನ್ನೂ ಬಿಡದೆ ಒರೆಸಿ, ಬಗ್ಗಿ ಮುತ್ತಿಟ್ಟರು. ನಾನು ಕಾಲು ಹಿಂದಕ್ಕೆಳೆದುಕೊಂಡೆ. ನನ್ನ ಪಾದ ತೊಳೆಯಬೇಡ ಎಂದು ಯೇಸುವನ್ನು ತಡೆದ ಶಿಷ್ಯ ಪೇತ್ರನಿಗೆ ಆಗಿದ್ದೂ ಇದೇ ಸಂಕಟ ಇರಬೇಕು. ನನ್ನ ಕಣ್ಣಿಗೆ ಆಗ ಕಂಡದ್ದು ಅಜ್ಜಿಯ ಕಾಲು.

ಅಜ್ಜಿ ಚಪ್ಪಲಿ ಮೆಟ್ಟಿದವಳಲ್ಲ. ಗದ್ದೆ ಕೆಸರಲ್ಲಿ ನೆಂದು, ಬಿಸಿಲಲ್ಲಿ ಒಣಗಿ ಸೀಳಿದ ಹಿಮ್ಮಡಿ. ಕಾಸು ಸಿಕ್ಕಿಸಿದರೆ ನಿಲ್ಲುವಷ್ಟು ಆಳದ ಬಿರುಕು. ರಾತ್ರಿ ಹರಳೆಣ್ಣೆ ಸವರಿಕೊಂಡು ಜಪಮಾಲೆ ಹಿಡಿಯುತ್ತಿದ್ದಳು. ಹುಟ್ಟಿದ್ದು ಊರಾಚೆಯ ಕೇರಿಯಲ್ಲಿ. ದೊಡ್ಡವರ ಮನೆಯ ಮುಂದೆ ನಿಂತು, ಮೇಲಿನಿಂದ ಎರೆದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದ ಕಾಲ ಅವಳದು. ಪ್ರತಿ ವರ್ಷ ಪೀಠದ ಮುಂದಿನ ಬೆಂಚಿನಲ್ಲಿ ಹನ್ನೆರಡು ಗಂಡಸರು ಕೂರುತ್ತಿದ್ದರು, ಮನೆಯಲ್ಲೇ ಸೋಪು ಹಚ್ಚಿ ತೊಳೆದುಕೊಂಡು ಬಂದ ಕಾಲುಗಳೊಂದಿಗೆ. "ನೀನ್ಯಾಕೆ ಕೂರಲ್ಲ ಅಜ್ಜಿ?" ಅಂದರೆ, "ನನ್ ಕಾಲ್ನ ಯಾರ್ ಮುಟ್ಟಾರು ಮಗ" ಅನ್ನುತ್ತಿದ್ದಳು. ಅದರಲ್ಲಿ ದೂರಿರಲಿಲ್ಲ. ದೂರಿಲ್ಲದ್ದೇ ನನ್ನನ್ನು ಇಂದಿಗೂ ಚುಚ್ಚುತ್ತದೆ.

2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಇಬ್ಬರು ಯುವತಿಯರು, ಮುಸ್ಲಿಮರೂ ಇದ್ದರು. 2016ರ ಜನವರಿಯಲ್ಲಿ ನಿಯಮವೇ ಬದಲಾಗಿ, ಹೆಂಗಸರನ್ನೂ ಕೂರಿಸಲು ದಾರಿಯಾಯಿತು. ಆ ವರ್ಷ ಅವರು ನಿರಾಶ್ರಿತರ ಪಾದ ತೊಳೆದಾಗ ನಮ್ಮ ದೇಶದ ಒಬ್ಬ ಹಿಂದೂ ಕೂಡ ಅಲ್ಲಿದ್ದ. ಅಷ್ಟರಲ್ಲಿ ಅಜ್ಜಿ ಮಣ್ಣು ಸೇರಿದ್ದಳು.

ಈ ಸಲ ನಾವು ಹೆಂಗಸರೂ ಬೆಂಚಿನಲ್ಲಿ ಕೂತಿದ್ದೆವು. ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ಮುಖ ಗಂಟಿಕ್ಕಿಕೊಂಡು, ಯೇಸುವಿನ ಶಿಷ್ಯರು ಗಂಡಸರೇ ತಾನೇ, ಇದೆಲ್ಲ ಪ್ರಗತಿಪರರ ಹೊಸ ಚಾಳಿ ಅಂದರು. ಅಕ್ಕನ ಮಗಳು ನಗುತ್ತಾ, "ಚಿಕ್ಕಮ್ಮ, ನೀವು ಪ್ರಗತಿಪರರೋ ಭಕ್ತರೋ?" ಅಂದಳು. ಎರಡೂ ಒಂದೇ ಮೈಯಲ್ಲಿ ಇರಲಾರವು ಅನ್ನುವ ಹಾಗೆ.

ಯೊವಾನ್ನನ ಶುಭಸಂದೇಶ ತೆಗೆದು ನೋಡಿ. ಯೇಸು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಪಾದ ತೊಳೆದದ್ದು 13ನೇ ಅಧ್ಯಾಯದಲ್ಲಿ. ಅದಕ್ಕೂ ಮುಂಚೆ, 12ನೇ ಅಧ್ಯಾಯದಲ್ಲಿ, ಬೆಥಾನಿಯದ ಮರಿಯಳು ಆತನ ಪಾದಕ್ಕೆ ಸುಗಂಧ ತೈಲ ಹಚ್ಚಿ ತನ್ನ ಕೂದಲಿನಿಂದ ಒರೆಸುತ್ತಾಳೆ. ಹೆಂಗಸೊಬ್ಬಳ ಕೈಯಿಂದ ತಾನು ಪಡೆದದ್ದನ್ನೇ ಪ್ರಭು ಕೆಲವು ದಿನಗಳಲ್ಲಿ ಶಿಷ್ಯರಿಗೆ ಕೊಟ್ಟ ಎಂದು ನಾನು ನಂಬುತ್ತೇನೆ. ಈ ಬೆಂಚಿನಲ್ಲಿ ಹೆಣ್ಣಿಗೆ ಜಾಗ ಕೊಟ್ಟದ್ದು ಹೊಸತಲ್ಲ, ತಡವಾಗಿ ನೆನಪಾದದ್ದು. ನನ್ನ ಪಕ್ಕದಲ್ಲಿ ಕೂತಿದ್ದ ಪೌರಕಾರ್ಮಿಕ ಅಕ್ಕ, ಸ್ವಾಮಿಗಳು ಮುಂದೆ ಬಂದಾಗ ಸೆರಗಿನಿಂದ ಪಾದ ಮುಚ್ಚಿಕೊಂಡಳು. ಅವರು ಅವಸರ ಮಾಡಲಿಲ್ಲ, ಅವಳೇ ಸೆರಗು ಸರಿಸುವವರೆಗೂ ಮಂಡಿಯಲ್ಲೇ ಕಾದರು. ನನಗೆ ಪ್ರಗತಿ ಅಂದರೆ ಆ ಕಾಯುವಿಕೆ.

ಆದರೆ ನನ್ನಂತೆ ಯೋಚಿಸುವವರ ಮೇಲೂ ನನಗೆ ಬೇಸರವಿದೆ. ಸಮಾನತೆಯ ಮಾತು ಗಟ್ಟಿಯಾಗಿ ಆಡುತ್ತೇವೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉಪವಾಸ ಬಿಟ್ಟಿದ್ದೇವೆ, ಶಿಲುಬೆ ಹಾದಿಯ ಪ್ರಾರ್ಥನೆ ಬಿಟ್ಟಿದ್ದೇವೆ. ಬಂಧನಕ್ಕೆ ಮುಂಚೆ ಗೆತ್ಸೆಮನೆ ತೋಟದಲ್ಲಿ, ಒಂದು ಗಂಟೆ ಎಚ್ಚರವಿರಲಾರಿರಾ ಎಂದು ಪ್ರಭು ಶಿಷ್ಯರನ್ನು ಕೇಳಿದ ರಾತ್ರಿಯಿದು. ಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿಯಾದ ಪರಮಪ್ರಸಾದವನ್ನು ಪಕ್ಕದ ಪೀಠಕ್ಕೆ ಕೊಂಡೊಯ್ದು, ಅದರ ಮುಂದೆ ಜಾಗರಣೆ ಕೂರುವ ಹೊತ್ತಿಗೆ ಅರ್ಧ ಗುಡಿ ಖಾಲಿ. ಹೆಂಗಸರಿಗೂ ಬೆಂಚು ಬೇಕೆಂದು ಸಹಿ ಹಾಕಿದ್ದ ಎಳೆಯರಲ್ಲಿ ಒಬ್ಬರೂ ಉಳಿಯಲಿಲ್ಲ.

ಅಜ್ಜಿ ಉಳಿಯುತ್ತಿದ್ದಳು. ಎಡಗಡೆ ಕಂಬಕ್ಕೆ ಒರಗಿ, ಕಾಲು ಮಡಚಿ, ತುಟಿ ಮಾತ್ರ ಅಲುಗುವಂತೆ ನಡುರಾತ್ರಿಯವರೆಗೆ. ನಾನೂ ಅಲ್ಲೇ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಆ ಅಕ್ಕ ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಮಾತಾಡಲಿಲ್ಲ. ಬಲಗಾಲು ಇನ್ನೂ ತಣ್ಣಗಿತ್ತು.