ರಾಯರ ಕೆಂಪು ಪೆನ್ನು, ನಾನು ಬರೆದ ಅಂಟಾರ್ಕ್ಟಿಕಾ

ಮುಂಬೈಯ ಫೋರ್ಟ್‌ನಲ್ಲಿರುವ ನಮ್ಮ ಟ್ರಾವೆಲ್ ಆಫೀಸಿನಲ್ಲಿ ಹನ್ನೊಂದು ವರ್ಷ ಯುರೋಪ್ ಡೆಸ್ಕ್ ನೋಡಿಕೊಂಡವಳು ನಾನು. ಇಲ್ಲಿನ ಗ್ರೂಪ್ ಟೂರ್ ಹೇಗಿರುತ್ತದೆ ಅಂತ ಹೋಗಿಬಂದವರಿಗೆ ಗೊತ್ತು. ದಿನ 4: ಏಳೂವರೆಗೆ ತಿಂಡಿ, ಎಂಟೂವರೆಗೆ ಬಸ್ಸು, ಟಿಟ್ಲಿಸ್ ಬೆಟ್ಟ, ಮಧ್ಯಾಹ್ನ ಇಂಡಿಯನ್ ಊಟ, ಸಂಜೆ ಲೂಸರ್ನ್. ಬಸ್ಸು ಹತ್ತು ನಿಮಿಷ ತಡವಾದರೆ ಸ್ವಿಟ್ಜರ್‌ಲೆಂಡಿನಿಂದ ನನಗೆ ಫೋನ್ ಬರುತ್ತಿತ್ತು. ಟೂರ್ ಶೀಟ್ ಅಂದರೆ ನಮಗೆ ಮದುವೆಯ ಮುಹೂರ್ತದ ಹಾಗೆ, ಆಚೀಚೆ ಆಗುವಂತಿಲ್ಲ.

ಅಂಥವಳ ಕೈಗೆ ಧ್ರುವ ಪ್ರದೇಶದ ಡೆಸ್ಕ್ ಬಂತು. ಮೊದಲ ಗಿರಾಕಿ ಮಾಟುಂಗದ ರಾಯರು. ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು ನಿವೃತ್ತರಾದವರು, ಮೂಲ ಉಡುಪಿ ಕಡೆ. ಆರು ಖಂಡ ಮುಗಿಸಿದ್ದರು. ‘ಏಳನೇದಕ್ಕೆ ಕಾಲು ಇಟ್ಟು ಬಂದ್ರೆ ಆಯ್ತು ಮಗಾ, ಮತ್ತೆ ಎಲ್ಲಿಗೂ ಹೋಗೂದಿಲ್ಲ’ ಅಂದರು. ಪಕ್ಕದಲ್ಲಿ ಕೂತ ಅವರ ಹೆಂಡತಿಗೆ (ನಾನು ಕರೆಯುವುದು ಅಮ್ಮ ಅಂತ) ಖಂಡದ ಲೆಕ್ಕ ಬೇಕಿರಲಿಲ್ಲ, ಪೆಂಗ್ವಿನ್ ನೋಡಿದರೆ ಸಾಕಿತ್ತು.

ಹಡಗು ಆರಿಸುವಾಗ ನಾನು ತಪ್ಪು ಮಾಡಲಿಲ್ಲ. ಅಂಟಾರ್ಕ್ಟಿಕಾಕ್ಕೆ ಹೋಗುವ ಟೂರ್ ಕಂಪನಿಗಳ ಒಕ್ಕೂಟ ಐಎಎಟಿಒ 1991ರಲ್ಲಿ ಶುರುವಾದದ್ದು. ಅದರ ನಿಯಮದಂತೆ 500ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ. ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಜನ ಮಾತ್ರ. ಅಗ್ಗದ ದೊಡ್ಡ ಹಡಗು ಹತ್ತಿದರೆ ಹಿಮವನ್ನು ಬಾಲ್ಕನಿಯಿಂದ ನೋಡಿ ವಾಪಸ್. 180-190 ಜನರ ಹಡಗಾದರೆ ಅರ್ಧ ಜನ ದಡದಲ್ಲಿ, ಉಳಿದರ್ಧ ರಬ್ಬರ್ ದೋಣಿಯಲ್ಲಿ, ಆಮೇಲೆ ಅದಲುಬದಲು. ಆ ದೋಣಿಗೆ ಜೋಡಿಯಾಕ್ ಅನ್ನುತ್ತಾರೆ. ರಾಯರಿಗೆ ನಾನು ಕೊಟ್ಟದ್ದು ನೂರರ ಆಸುಪಾಸಿನ ಹಡಗು. ಒಬ್ಬರಿಗೆ ಹತ್ತು ಲಕ್ಷ ದಾಟಿತ್ತು. ಅವರು ಹುಬ್ಬು ಹಾರಿಸಿದರೂ ಚೆಕ್ ಬರೆದರು.

ತಪ್ಪಾದದ್ದು ಶೀಟಿನಲ್ಲಿ. ಹಡಗಿನವರು ಕಳಿಸಿದ ಹಾಳೆಯಲ್ಲಿ ದಿನ 1 ಅರ್ಜೆಂಟೀನಾದ ದಕ್ಷಿಣ ತುದಿಯ ಬಂದರು ಉಶುವಾಯಾ, ಕೊನೇ ದಿನವೂ ಉಶುವಾಯಾ, ಹೋಗಿ ಬರುವಾಗ ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ ನಡುವಿನ ಡ್ರೇಕ್ ಜಲಸಂಧಿಗೆ ಎರಡೆರಡು ದಿನ. ನಡುವಿನ ದಿನಗಳಿಗೆಲ್ಲ ಸೇರಿ ಒಂದೇ ಪ್ಯಾರಾ: ಗಾಳಿ, ಮಂಜುಗಡ್ಡೆ ನೋಡಿಕೊಂಡು ಇಲ್ಲಿ ಇಳಿಯಬಹುದು, ಅಲ್ಲಿ ಇಳಿಯಬಹುದು. ಇಷ್ಟು ದುಡ್ಡು ತೆಗೆದುಕೊಂಡು ಇಂಥ ಸೋಮಾರಿ ಬರವಣಿಗೆಯೇ ಅನ್ನಿಸಿತು. ಡೊಂಬಿವ್ಲಿ ಲೋಕಲ್‌ನಲ್ಲಿ ಪುಣ್ಯಕ್ಕೆ ಕಿಟಕಿ ಸೀಟು ಸಿಕ್ಕಿತ್ತು. ಮೊಬೈಲಿನಲ್ಲೇ ಕೂತು ‘ಸರಿ’ ಮಾಡಿದೆ. ದಿನ 5: ಕವರ್‌ವಿಲ್ ದ್ವೀಪ, ಜೆಂಟೂ ಪೆಂಗ್ವಿನ್‌ಗಳ ಜೊತೆ ಬೆಳಗು. ದಿನ 6: ನೆಕೋ ಹಾರ್ಬರ್, ಏಳನೇ ಖಂಡದ ಮೇಲೆ ಮೊದಲ ಹೆಜ್ಜೆ. ದಿನ 7: ಲೆಮೇರ್ ಚಾನೆಲ್, ಪೋರ್ಟ್ ಲಾಕ್‌ರಾಯ್ ಅಂಚೆ ಕಚೇರಿಯಿಂದ ಮೊಮ್ಮಗನಿಗೆ ಕಾರ್ಡ್. ಥಾಣೆ ದಾಟುವಷ್ಟರಲ್ಲಿ ಮುಗಿಯಿತು. ಮರುದಿನ ಕಲರ್ ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ರಾಯರಿಗೆ ಕೊಟ್ಟೆ. ನಮ್ಮ ಬಾಸ್ ಕೂಡ ‘ಹೀಗಿರಬೇಕು’ ಅಂದರು.

2025ರ ಫೆಬ್ರವರಿಯಲ್ಲಿ ಹೋದರು. ಮಾರ್ಚ್ ಮೊದಲ ವಾರ ಅದೇ ಫೋಲ್ಡರ್ ಹಿಡಿದುಕೊಂಡು ಆಫೀಸಿಗೆ ಬಂದರು. ಐವತ್ತು ವರ್ಷ ಗಲ್ಲಾದಲ್ಲಿ ಕೂತು ಬಿಲ್ಲು ತಾಳೆ ನೋಡಿದ ಕೈ ಅದು. ಶೀಟಿನ ತುಂಬ ಕೆಂಪು ಪೆನ್ನು. ಕವರ್‌ವಿಲ್ ಎದುರು ಒಂದು ಸರಿ ಗುರುತು, ಉಳಿದದ್ದಕ್ಕೆಲ್ಲ ಅಡ್ಡ ಗೀಟು.

‘ಇದೆಲ್ಲ ಎಂತ ಮಾರಾಯ್ತಿ? ನೀನು ಬರ್ದದ್ದು ಒಂದು, ಅಲ್ಲಿ ಆದದ್ದು ಒಂದು.’

ಆದದ್ದು ಇಷ್ಟು. ನೆಕೋ ಹಾರ್ಬರಿನಲ್ಲಿ ಹಿಮನದಿಯ ಕಡೆಯಿಂದ ಬಿರುಗಾಳಿ ಇಳಿದು ಜೋಡಿಯಾಕ್ ನೀರಿಗೆ ಬಿಡಲಾಗಲಿಲ್ಲ. ಲೆಮೇರ್ ಬಾಯಲ್ಲಿ ಮಂಜುಗಡ್ಡೆ ಒತ್ತಿಕೊಂಡಿತ್ತು, ಕ್ಯಾಪ್ಟನ್ ಹಡಗು ತಿರುಗಿಸಿದರು. ಅಲ್ಲಿ ಇಳಿಯುವ ಜಾಗಗಳನ್ನು ಹಡಗುಗಳು ಮೊದಲೇ ಹೊತ್ತು ಹಂಚಿಕೊಂಡು ಬುಕ್ ಮಾಡಿರುತ್ತವೆ. ಒಂದು ಜಾಗದಲ್ಲಿ ಒಂದೇ ಹಡಗು. ನಮ್ಮ ಹೊತ್ತು ತಪ್ಪಿತು ಅಂತ ಮಧ್ಯಾಹ್ನ ನುಗ್ಗುವಂತಿಲ್ಲ, ಹಾಗಾಗಿ ಅಂಚೆ ಕಚೇರಿಯೂ ಹೋಯಿತು.

‘ಹಾಗಾದ್ರೆ ಖಂಡದ ಮೇಲೆ ಕಾಲಿಡ್ಲೇ ಇಲ್ವಾ?’ ನನ್ನ ಗಂಟಲು ಒಣಗಿತ್ತು.

‘ಪೋರ್ಟಲ್ ಪಾಯಿಂಟ್ ಅಂತ ಎಲ್ಲೋ ಇಳಿಸಿದ್ರು. ಆದ್ರೆ ಅದು ನಿನ್ನ ಶೀಟಲ್ಲಿ ಇಲ್ಲ.’

ಪೋರ್ಟಲ್ ಪಾಯಿಂಟ್ ಇರುವುದು ಖಂಡದ ನೆಲದ ಮೇಲೆಯೇ. ದ್ವೀಪ ಅಲ್ಲ. ರಾಯರು ಏಳನೇ ಖಂಡದಲ್ಲಿ ನಿಂತಿದ್ದಾರೆ, ನನ್ನ ಶೀಟಿನಲ್ಲಿ ನೆಕೋ ಅಂತ ಇದ್ದದ್ದಕ್ಕೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ!

ಅಷ್ಟರಲ್ಲಿ ಅಮ್ಮ ಬಾಯಿ ಬಿಟ್ಟರು. ವಿಲ್‌ಹೆಲ್ಮಿನಾ ಕೊಲ್ಲಿಯಲ್ಲಿ ಒಂದು ಸಂಜೆ ಹಡಗು ಸುಮ್ಮನೆ ನಿಂತಿತ್ತಂತೆ. ಎರಡು ಹಂಪ್‌ಬ್ಯಾಕ್ ತಿಮಿಂಗಿಲ ಹಡಗಿನ ಬುಡಕ್ಕೇ ಬಂದು ಉಸಿರುಬಿಟ್ಟವಂತೆ. ‘ಆ ಉಸಿರಿನ ವಾಸನೆ ಉಂಟಲ್ಲ, ಸಾಕ್ಷಾತ್ ಮಲ್ಪೆ ಬಂದರು. ನಾನು ಮೂಗು ಮುಚ್ಚಿಕೊಂಡೇ ಅತ್ತೆ ಮಗಾ, ಅಷ್ಟು ಖುಷಿ. ಇವ್ರು ಮಾತ್ರ ಇರ್ಲಿಲ್ಲ. ಕ್ಯಾಬಿನ್‌ನಲ್ಲಿ ಕೂತು ನಿಂಗೆ ಕಂಪ್ಲೇಂಟ್ ಬರೀತಾ ಇದ್ರು.’

ಆ ಇ-ಮೇಲ್ ನನ್ನ ಹತ್ತಿರ ಇನ್ನೂ ಇದೆ. ಎರಡು ಪುಟ, ಕಾಗುಣಿತದ ತಪ್ಪು ಒಂದೂ ಇಲ್ಲ.

ಆಫೀಸಿನಲ್ಲಿ ಆಗಬೇಕಾದದ್ದು ಆಯಿತು. ಕ್ಷಮೆ ಪತ್ರ ಹೋಯಿತು, ನನ್ನ ಆ ತಿಂಗಳ ಇನ್ಸೆಂಟಿವ್ ಕೂಡ. ಹೊಟ್ಟೆ ಉರಿಸಿದ್ದು ಅದಲ್ಲ. ಮೊಣಕಾಲು ನೋವಿನ ಮನುಷ್ಯ, ದಡದಲ್ಲಿ ಒಂದು ನಿಮಿಷ ಕೂರಲು ಹೋದರೆ ಗೈಡ್ ಬಂದು ಎಬ್ಬಿಸಿದನಂತೆ. ಹಕ್ಕಿಜ್ವರ ಹರಡುವ ಭಯಕ್ಕೆ ಅಲ್ಲಿ ನೆಲದ ಮೇಲೆ ಕೂರುವಂತಿಲ್ಲ, ಬ್ಯಾಗೂ ಇಡುವಂತಿಲ್ಲ. ಪೆಂಗ್ವಿನ್ನಿಂದ ಐದು ಮೀಟರ್ ದೂರ ನಿಲ್ಲಬೇಕು, ತಿನ್ನುವುದು ಒಯ್ಯುವಂತಿಲ್ಲ. ಇಳಿಯುವ ಮೊದಲು ಬೀಜ, ಮಣ್ಣು ಸಿಕ್ಕಿಕೊಂಡಿರಬಾರದು ಅಂತ ಜೇಬಿಗೆಲ್ಲ ವ್ಯಾಕ್ಯೂಮ್ ಹಾಕುತ್ತಾರೆ. ಅಮ್ಮನ ಜಾಕೆಟ್ಟಿನಿಂದ ಕೋಡುಬಳೆ ಚೂರು ಹೊರಟು ದೊಡ್ಡ ನಗೆ ಆಯಿತಂತೆ. ಇದೆಲ್ಲ ಹಡಗಿನವರ ಹಾಳೆಯ ಹಿಂಬದಿಯಲ್ಲಿತ್ತು. ನಾನು ಪೆಂಗ್ವಿನ್ ಜೊತೆ ಬೆಳಗು ಅಂತ ಬರೆಯುವ ಗಡಿಬಿಡಿಯಲ್ಲಿ ಅದನ್ನು ಪ್ರಿಂಟೇ ತೆಗೆದಿರಲಿಲ್ಲ.

ಅದೇ ಜುಲೈಯಲ್ಲಿ ಉತ್ತರದ ಒಂದು ಹಡಗಿಗೆ ಏಜೆಂಟರ ಫ್ಯಾಮ್ ಟ್ರಿಪ್, ಅಂದರೆ ಮಾರುವವರು ತಾವೇ ನೋಡಿ ಬರುವ ಪ್ರವಾಸ, ಬಂತು. ಬಾಸ್ ‘ನೀನೇ ಹೋಗು, ಕಣ್ಣಾರೆ ನೋಡಿ ಬಾ’ ಅಂದರು, ಸ್ವಲ್ಪ ಕುಟುಕಿಯೇ. ಹೋದದ್ದು ಸ್ವಾಲ್ಬಾರ್ಡ್, ಉತ್ತರ ಧ್ರುವದ ಕಡೆಯ ನಾರ್ವೆಯ ದ್ವೀಪಗಳು. ಲಾಂಗ್‌ಇಯರ್‌ಬಿಯನ್ ಊರು 78 ಡಿಗ್ರಿ ಉತ್ತರದಲ್ಲಿ, ಆ ತಿಂಗಳು ಸೂರ್ಯ ಮುಳುಗುವುದೇ ಇಲ್ಲ.

ದಿನಾ ಸಂಜೆ ಊಟಕ್ಕೆ ಮೊದಲು ಎಲ್ಲರೂ ಲೌಂಜಿನಲ್ಲಿ ಸೇರುತ್ತಿದ್ದೆವು. ಎಕ್ಸ್‌ಪೆಡಿಷನ್ ಲೀಡರ್ ಗಾಳಿಯ ನಕ್ಷೆ, ಮಂಜುಗಡ್ಡೆಯ ನಕ್ಷೆ ಪರದೆಯ ಮೇಲೆ ಹಾಕಿ ನಾಳೆಗೆ ಇದು ಪ್ಲಾನ್ ಎ ಅನ್ನುತ್ತಿದ್ದಳು. ರಾತ್ರಿ ಹತ್ತಕ್ಕೆ ಅದು ಬಿ ಆಗಿರುತ್ತಿತ್ತು, ಬೆಳಿಗ್ಗೆ ಏಳುವಷ್ಟರಲ್ಲಿ ಸಿ. ಬಂದೂಕು ಹೊತ್ತ ಗೈಡ್‌ಗಳು ಮೊದಲು ಹೋಗಿ, ಸುತ್ತ ಕರಡಿ ಇಲ್ಲ ಅಂತ ಖಾತ್ರಿಯಾದ ಮೇಲೆ ನಾವು ಇಳಿಯಬೇಕು. ಎರಡು ಸಲ ಜಾಕೆಟ್, ಬೂಟು, ಲೈಫ್ ಜಾಕೆಟ್ ಎಲ್ಲ ಏರಿಸಿಕೊಂಡು ಸಾಲಿನಲ್ಲಿ ನಿಂತ ಮೇಲೆ ರದ್ದಾಯಿತು. ದಡದಲ್ಲಿ ಮಂಜು ಮುಸುಕಿತ್ತು, ಮಂಜಿನಲ್ಲಿ ಕರಡಿ ಕಾಣುವುದಿಲ್ಲ. ಗೊಣಗುಟ್ಟಿದವಳು ನಾನೊಬ್ಬಳೇ. ಪಕ್ಕದ ಮುದುಕಿಯೊಬ್ಬರು ಬೂಟು ಬಿಚ್ಚಿಟ್ಟು ಕಾಫಿಗೆ ಹೋದರು.

ನನ್ನ ಅಜ್ಜ ಗಂಗೊಳ್ಳಿಯವರು, ದೋಣಿಯವರು. ಬೆಳಗಿನ ಜಾವ ಕಡಲಿನ ಮುಖ ನೋಡಿ, ಕೆಲವು ದಿನ ಬಲೆ ಮಡಚಿಟ್ಟು ಮನೆಗೆ ಬಂದು ಗಂಜಿ ಉಂಡು ಮಲಗುತ್ತಿದ್ದರು. ಇವತ್ತು ಬಂಗುಡೆಯಾ ಭೂತಾಯಿಯಾ ಅಂತ ಅಜ್ಜ ಹೊರಡುವ ಮೊದಲು ಅಜ್ಜಿ ಕೇಳಿದ್ದನ್ನು ನಾನು ನೋಡಿಲ್ಲ. ಅವರ ಮೊಮ್ಮಗಳು ಲೋಕಲ್‌ನಲ್ಲಿ ಕೂತು ದಕ್ಷಿಣ ಸಮುದ್ರಕ್ಕೆ ಟೈಮ್‌ಟೇಬಲ್ ಬರೆದಿದ್ದಳು.

ಕರಡಿ ಐದನೇ ದಿನ ಕಂಡಿತು. 2025ರ ಜನವರಿಯಿಂದ ಅಲ್ಲಿ ಹೊಸ ನಿಯಮ: ಹಿಮಕರಡಿಯಿಂದ 300 ಮೀಟರ್ ದೂರ, ಮಾರ್ಚ್‌ನಿಂದ ಜೂನ್ ಕೊನೆವರೆಗೆ 500. ಬರಿಗಣ್ಣಿಗೆ ಅದು ಬಿಳಿ ಹಾಳೆಯ ಮೇಲೆ ಬಿದ್ದ ಮಜ್ಜಿಗೆ ಹುಳಿಯ ಒಂದು ಹನಿ. ಬೈನಾಕ್ಯುಲರ್ ಹಿಡಿದರೆ ಮಾತ್ರ ತಲೆ, ಕುತ್ತಿಗೆ, ಆ ನಡಿಗೆ. ಹಡಗಿನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ಬ್ರೋಷರಿನ ಮುಖಪುಟದಲ್ಲಿರುವ ಕರಡಿಗೆ ಹಲ್ಲು ಎಣಿಸಬಹುದು. ಆ ಚಿತ್ರ ತೆಗೆಸಲು ನಾನಿನ್ನೂ ಆಫೀಸಿನಲ್ಲಿ ಜಗಳ ಆಡುತ್ತಿದ್ದೇನೆ.

ಈಗ ನನ್ನ ಶೀಟ್ ಬಡವಾಗಿದೆ. ಹತ್ತುವ ದಿನ, ಇಳಿಯುವ ದಿನ, ನಡುವೆ ಹಡಗಿನವರ ಪ್ಯಾರಾವನ್ನೇ ಕನ್ನಡ, ಮರಾಠಿ, ಗುಜರಾತಿಯಲ್ಲಿ ಇಟ್ಟಿದ್ದೇನೆ. ಗಟ್ಟಿಯಾಗಿ ಹೇಳುವುದು ನಮ್ಮ ಕೈಯಲ್ಲಿರುವುದನ್ನು ಮಾತ್ರ. ಬ್ಯೂನಸ್ ಐರಿಸ್‌ನಲ್ಲಿ ಎರಡು ಏರ್‌ಪೋರ್ಟ್ ಇವೆ, ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದೀತು, ಆದ್ದರಿಂದ ಉಶುವಾಯಾಕ್ಕೆ ಒಂದು ದಿನ ಮೊದಲೇ ಮುಟ್ಟಿ, ಹಡಗು ಯಾರಿಗೂ ಕಾಯುವುದಿಲ್ಲ. ವಾಂತಿಯ ಮಾತ್ರೆಯನ್ನು ಡ್ರೇಕ್ ಅಲೆ ಏಳುವ ಮೊದಲೇ, ಡಾಕ್ಟರನ್ನು ಕೇಳಿ ನುಂಗಿ. ತುರ್ತು ಚಿಕಿತ್ಸೆಗೆ ಸಾಗಿಸುವ ಖರ್ಚು ಸೇರಿದ ವಿಮೆ ಇಲ್ಲದೆ ಬುಕಿಂಗ್ ಇಲ್ಲ. ಮೊಣಕಾಲಿನ ವಿಷಯ ಮುಚ್ಚಿಡಬೇಡಿ. ‘ನಮ್ಮ ಮೈತ್ರಿ, ಭಾರತಿ ಕೇಂದ್ರ ತೋರಿಸ್ತೀರಾ?’ ಅಂತ ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರಗಳ ಬಗ್ಗೆ ಬಹಳ ಜನ ಕೇಳುತ್ತಾರೆ. 1981ರ ಡಿಸೆಂಬರಿನಲ್ಲಿ ಭಾರತದ ಮೊದಲ ತಂಡ ಇಲ್ಲೇ ಗೋವಾದಿಂದ ಹೊರಟದ್ದು, ಈ ಕೆಲಸ ನೋಡುವ ಸಂಸ್ಥೆಯೂ ವಾಸ್ಕೋದಲ್ಲಿದೆ. ಆದರೆ ಆ ಕೇಂದ್ರಗಳಿರುವುದು ಖಂಡದ ಇನ್ನೊಂದು ಮಗ್ಗುಲಿನಲ್ಲಿ, ನಮ್ಮ ಹಡಗು ಹೋಗುವ ಕಡೆಯಿಂದ ಸಾವಿರಾರು ಕಿಲೋಮೀಟರ್ ದೂರ.

ಇಷ್ಟು ಕೇಳಿ ಕೆಲವರು ಎದ್ದು ಹೋಗುತ್ತಾರೆ. ಹೋಗಲಿ, ಅವರಿಗೆ ಯುರೋಪ್ ಡೆಸ್ಕ್ ಎದುರಿಗೇ ಇದೆ. ತಿಂಗಳ ಟಾರ್ಗೆಟ್ ಮೀಟಿಂಗಿನಲ್ಲಿ ಇದಕ್ಕೆ ಬೈಸಿಕೊಳ್ಳುವುದು ಇನ್ನೂ ನಿಂತಿಲ್ಲ.

ಹೋದ ವಾರ ರಾಯರು ಮತ್ತೆ ಬಂದಿದ್ದರು. ಎಲ್ಲಿಗೂ ಹೋಗೂದಿಲ್ಲ ಅಂದಿದ್ದವರಿಗೆ ಈಗ ಉತ್ತರ ಬೇಕಂತೆ. ‘ಇವಳು ತಿಮಿಂಗಿಲದ ಕತೆ ಹೇಳಿ ಹೇಳಿ ನಂಗೆ ಮನೆಯಲ್ಲಿ ಇರ್ಲಿಕ್ಕೆ ಆಗೂದಿಲ್ಲ.’ ಹೊಸ ಶೀಟ್ ಕೊಟ್ಟೆ. ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಇದರಲ್ಲಿ ಎಂತದೂ ಇಲ್ವಲ್ಲ. ಕರಡಿ ಸಿಗ್ತದಾ?’

‘ಗೊತ್ತಿಲ್ಲ ರಾಯರೇ.’

ಅಮ್ಮ ಬೈನಾಕ್ಯುಲರಿಗೆ ಎಷ್ಟಾಗುತ್ತದೆ ಅಂತ ಕೇಳಿದರು. ನಾನು ವೀಸಾ ಫಾರ್ಮ್ ತೆಗೆದೆ. ಸ್ವಾಲ್ಬಾರ್ಡ್ ನಾರ್ವೆಯದ್ದೇ ಆದರೂ ಒಂದೇ ವೀಸಾದಲ್ಲಿ ಓಡಾಡುವ ಯುರೋಪ್ ದೇಶಗಳ ಗುಂಪಾದ ಷೆಂಗೆನ್‌ಗೆ ಸೇರಿಲ್ಲ. ಓಸ್ಲೋದಿಂದ ಅಲ್ಲಿಗೆ ಹಾರಿದರೆ ಷೆಂಗೆನ್ ಬಿಟ್ಟು ಹೋದ ಲೆಕ್ಕ, ವಾಪಸ್ ಬರುವಾಗ ಮತ್ತೆ ಒಳಬರಬೇಕು. ಸಿಂಗಲ್ ಎಂಟ್ರಿ ಹಾಕಿದರೆ ಬಂದ ದಾರಿ ಮುಚ್ಚಿತು. ಎಷ್ಟು ಸಲ ಪ್ರವೇಶ ಅನ್ನುವ ಜಾಗದಲ್ಲಿ ರಾಯರ ಕೆಂಪು ಪೆನ್ನು ಕೇಳಿ ತೆಗೆದುಕೊಂಡು ಸುತ್ತು ಹಾಕಿಟ್ಟೆ, ಟೈಪ್ ಮಾಡುವ ಹುಡುಗನ ಕಣ್ಣಿಗೆ ಬೀಳಲಿ ಅಂತ.