ಗುಳ್ಳೆಗಿಂತ ಒಗರು ಮುಖ್ಯ: ಕೊಂಬುಚಾ, ನಾಲ್ಕನೇ ಜಾಡಿ

ಕೊಂಬುಚಾ ಎಂದರೆ ಸಿಹಿ ಚಹಾವನ್ನು ಹುದುಗಿಸಿ ಮಾಡುವ ಹುಳಿ ಪಾನೀಯ. ಮೊದಲ ಮೂರು ಜಾಡಿಗಳಲ್ಲಿ ಗುಳ್ಳೆಗಳ ಬೆನ್ನು ಹತ್ತಿದ್ದೆ. ಗುಳ್ಳೆ ಬಂತು, ಆದರೆ ಲೋಟದಲ್ಲಿದ್ದದ್ದು ಹುಳಿ ಷರಬತ್ತು. ಊಟದ ಜೊತೆ ವೈನಿನ ಜಾಗವನ್ನು ಅದು ತುಂಬಲಿಲ್ಲ. ನನಗೆ ಬೇಕಾದದ್ದು ಒಗರು: ಒಂದು ಗುಟುಕಿಗೆ ನಾಲಿಗೆ ಬಿಗಿದು, ಮುಂದಿನ ತುತ್ತನ್ನು ಬೇಡುವಂಥ ಒಗರು. ಕೆಂಪು ವೈನಿಗೆ ಅದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುತ್ತದೆ. ಚಹಾ ಎಲೆಯಲ್ಲಿ ಅದು ಮೊದಲೇ ಇದೆ. ಹುಳಿಯ ಅಡಿಯಲ್ಲಿ ಅದನ್ನು ಹೂತುಹಾಕುತ್ತಿದ್ದವನು ನಾನು.

ಮೊದಲ ದಿನ: ಮೂರು ಲೀಟರ್ ನೀರು, 24 ಗ್ರಾಂ ನೀಲಗಿರಿ ಚಹಾ, 180 ಗ್ರಾಂ ಸಕ್ಕರೆ. ಪೂರ್ತಿ ಆರಿದ ಮೇಲೆ ಹಳೆಯ ಜಾಡಿಯ 300 ಮಿಲಿಲೀಟರ್ ಹುಳಿ ನೀರನ್ನು ಹೆಪ್ಪಾಗಿ ಹಾಕಿದೆ. ಹಾಲಿಗೆ ಹೆಪ್ಪು ಹಾಕುವಾಗ ಇರುವಷ್ಟು ಬಿಸಿಯೂ ಇಲ್ಲಿ ಬೇಡ. ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ.

ನಾಲ್ಕನೇ ದಿನ: ಕೆನೆ ಕಟ್ಟಿದ ಹಾಗೆ ತೆಳು ಪದರ. ಗಾಳಿ ಬೇಕಾದ ಬ್ಯಾಕ್ಟೀರಿಯಾಗಳು ಸೆಲ್ಯುಲೋಸ್ ನೇಯ್ದುಕೊಂಡು ಮೇಲ್ಗಡೆಯೇ ಉಳಿಯುತ್ತವೆ. ಪದರದ ಅಡಿಯಿಂದ ಕಂದು ಎಳೆಗಳು ಜೋತು ಬಿದ್ದಿದ್ದವು. ಮೊದಲ ಸಲ ಇವನ್ನೇ ಬೂಷ್ಟು ಎಂದುಕೊಂಡು ಜಾಡಿ ಚೆಲ್ಲಲು ಹೊರಟಿದ್ದೆ. ಅದು ಯೀಸ್ಟ್. ಬೂಷ್ಟು ಪದರದ ಮೇಲೆ, ಒಣಗಿ, ರೋಮ ರೋಮವಾಗಿ ಬೆಳೆಯುತ್ತದೆ.

ಒಂಬತ್ತನೇ ದಿನ: ಹಿಂದೆ ಹದಿನಾಲ್ಕು ದಿನ ಬಿಡುತ್ತಿದ್ದೆ. ಈ ಸಲ ಏಳನೇ ದಿನದಿಂದ ಬೆಳಿಗ್ಗೆ, ಸಂಜೆ ಒಂದೊಂದು ಚಮಚ ರುಚಿ ನೋಡಿದೆ. ಸಿಹಿ ಹಿಂದೆ ಸರಿದು, ವಿನೆಗರ್ ವಾಸನೆ ಇನ್ನೂ ಮೇಲೇಳದ ಆ ಸಂಜೆ ಬಾಟಲಿಗೆ ಇಳಿಸಿದೆ. ಹುಳಿ ಅಳೆಯುವ ಕಾಗದ ಪಿಎಚ್ 3 ತೋರಿಸಿತು.

ಬಾಟಲಿಯ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ತೆರೆದ ಜಾಡಿಯಲ್ಲಿ ಯೀಸ್ಟ್ ಮಾಡಿದ ಆಲ್ಕೋಹಾಲನ್ನು ಬ್ಯಾಕ್ಟೀರಿಯಾ ಹುಳಿಯಾಗಿಸುತ್ತದೆ. ಮುಚ್ಚಿದ ಬಾಟಲಿಯಲ್ಲಿ ಗಾಳಿಯಿಲ್ಲ, ಆಲ್ಕೋಹಾಲ್ ಹಾಗೆಯೇ ಉಳಿಯುತ್ತದೆ. ಲೀಟರಿಗೆ 4 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಸುಮಾರು 2 ಗ್ರಾಂ ಅನಿಲ, ಕಾಲು ಶೇಕಡಾ ಆಲ್ಕೋಹಾಲ್. ವೈನಿನ 12 ಶೇಕಡಾದ ಮುಂದೆ ಇದು ಅಲ್ಪವೇ, ಆದರೆ ಸೊನ್ನೆಯಲ್ಲ. ಅಮೆರಿಕದಲ್ಲಿ 0.5 ಶೇಕಡಾ ಮುಟ್ಟಿದರೆ ಮದ್ಯದ ಕಾನೂನು ಅನ್ವಯಿಸುತ್ತದೆ. ನನ್ನ ಬಾಟಲಿಗಳು ಆ ಗೆರೆ ದಾಟಿರಬಹುದು. ಹಾಗಾಗಿ ಮಕ್ಕಳಿಗೂ ಮದ್ಯ ಮುಟ್ಟದವರಿಗೂ ಕೊಡುವುದಿಲ್ಲ, ಉಳಿದವರಿಗೆ ಹೇಳಿಯೇ ಕೊಡುತ್ತೇನೆ.

ಎರಡನೇ ಸಲ ಚೌಕಾಕಾರದ ಚಂದದ ಬಾಟಲಿಯೊಂದು ಕಪಾಟಿನಲ್ಲೇ ಸಿಡಿದಿತ್ತು. ಈಗ ದಪ್ಪ ಗಾಜಿನ ದುಂಡು ಬಾಟಲಿಗಳು, ಜೊತೆಗೆ ಒಳಗಿನ ಒತ್ತಡ ಒತ್ತಿ ನೋಡಲು ಒಂದು ಪ್ಲಾಸ್ಟಿಕ್ ಬಾಟಲಿ. ಅದು ಕಲ್ಲಿನಂತೆ ಗಟ್ಟಿಯಾದ ಮೂರನೇ ದಿನ ಎಲ್ಲವನ್ನೂ ಫ್ರಿಜ್‌ಗೆ ಸೇರಿಸಿದೆ. ಸಕ್ಕರೆ ಮತ್ತೆ ಹಾಕಲೇ ಇಲ್ಲ. ಉಳಿದಿದ್ದ ಸಿಹಿಯೇ ಸಾಕಾಯಿತು.

ನಿನ್ನೆ ರಾತ್ರಿ ಅಕ್ಕಿ ರೊಟ್ಟಿ, ಬೆಣ್ಣೆಯಲ್ಲಿ ಹುರಿದ ಅಣಬೆಯ ಜೊತೆ ಮೊದಲ ಬಾಟಲಿ ತೆರೆದೆವು. ಸಣ್ಣ ಗುಳ್ಳೆಗಳು, ತಿಳಿ ಜೇನಿನ ಬಣ್ಣ. ಬೆಣ್ಣೆಯ ಜಿಡ್ಡನ್ನು ಒಗರು ಒರೆಸಿ ಹಾಕಿತು. ಅಕ್ಕ ಏನೂ ಹೇಳದೆ ಲೋಟ ಮುಂದೆ ಚಾಚಿದಳು.

ಪರಿಮಳ ಮಾತ್ರ ಬೇಗ ಆರಿಹೋಗುತ್ತದೆ. ಐದನೇ ಜಾಡಿಗೆ ಡಾರ್ಜಿಲಿಂಗ್‌ನ ವಸಂತದ ಮೊದಲ ಚಿಗುರು ತರಿಸಿದ್ದೇನೆ. ಅರ್ಧವನ್ನು ಬಿಸಿನೀರಿನಲ್ಲಿ, ಅರ್ಧವನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಬೆರೆಸುತ್ತೇನೆ. ಶನಿವಾರ ಹೆಪ್ಪು ಹಾಕುವುದು.