ಕೌದಿಗೆ ಕೂಲಿ ಎಷ್ಟು?

ಧಾರವಾಡದಲ್ಲಿರುವ ಅತ್ತೆಯವರ ಹಳೆಯ ಮನೆಗೆ ನಾವು ಮರಳಿ ಬಂದು ನೆಲೆಸುವುದೆಂದು ನಿಶ್ಚಯವಾದಾಗ, ಒಳಾಂಗಣ ವಿನ್ಯಾಸದ ಕೆಲಸ ಮಾಡುವ ಒಬ್ಬರು ಮೂರು ಬಾರಿ ಬಂದು ಅಳತೆ ತೆಗೆದುಕೊಂಡು, ಇಪ್ಪತ್ತೆರಡು ಪುಟಗಳ ಬಣ್ಣಬಣ್ಣದ ನಕಾಶೆಯೊಂದನ್ನು ಕಳುಹಿಸಿದರು. ನಾವು ಪರಿಸರಕ್ಕೆ ಹೊರೆಯಾಗದ ಮನೆ ಬೇಕೆಂದು ಹೇಳಿದ್ದನ್ನು ಅವರು ಮರೆತಿರಲಿಲ್ಲ. ಪಡಸಾಲೆಯ ಗೋಡೆಗೆ ಬಿದಿರಿನ ಮೆಳೆಯ ಚಿತ್ರ ಮುದ್ರಿಸಿದ ಪ್ಲಾಸ್ಟಿಕ್ ವಾಲ್‌ಪೇಪರ್ ಅಂಟಿಸುವುದೆಂದು ಹನ್ನೊಂದನೆಯ ಪುಟದಲ್ಲಿ ಕಾಣಿಸಿದ್ದರು. ತೊಲೆಗಳನ್ನು ಮುಚ್ಚಲು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಛತ್ತು, ಹಳೆಯ ಕಪಾಟುಗಳ ಜಾಗದಲ್ಲಿ ಲ್ಯಾಮಿನೇಟ್ ಹಲಗೆಯ ವಾರ್ಡ್‌ರೋಬುಗಳು, ನೆಲಕ್ಕೆ ಕಟ್ಟಿಗೆಯಂತೆ ಕಾಣುವ ಟೈಲ್ಸು. ಅತ್ತೆಯವರು ಕನ್ನಡಕ ಹಾಕಿಕೊಂಡು ಎಲ್ಲ ಪುಟಗಳನ್ನೂ ನಿಧಾನವಾಗಿ ನೋಡಿ, "ಇದು ಯಾರ ಮನಿ?" ಎಂದು ಕೇಳಿದರು. ಆ ನಕಾಶೆಯ ಕತೆ ಅಲ್ಲಿಗೆ ಮುಗಿಯಿತು.

ಹೊಸದೇನನ್ನೂ ತರುವ ಮುನ್ನ ಮನೆಯಲ್ಲಿ ಇರುವುದನ್ನು ಲೆಕ್ಕ ಹಾಕಬೇಕೆಂದು ನಾವು ನಿರ್ಧರಿಸಿದೆವು. ಮಾವನವರ ಕಾಲದ ಎರಡು ಕಪಾಟುಗಳು ದಾಂಡೇಲಿಯ ಕಡೆಯ ಸಾಗವಾನಿಯವು. ಅವುಗಳ ಮೇಲೆ ನಾಲ್ಕು ದಶಕಗಳಲ್ಲಿ ಬಳಿದ ಹಸಿರು, ಕಂದು ಮತ್ತು ಕೆನೆಬಣ್ಣದ ಪದರಗಳು ಒಂದರ ಮೇಲೊಂದು ಕುಳಿತಿದ್ದವು. ಬಡಿಗೇರರು ಒಂದು ಮೂಲೆಯನ್ನು ಕೆರೆದು ತೋರಿಸಿದಾಗ ಒಳಗಿನ ಮರ ನಿನ್ನೆ ಕೊಯ್ದಂತೆ ಜೇನುಬಣ್ಣದಲ್ಲಿತ್ತು. ಹೊಸ ಹಲಗೆಗಳಲ್ಲಿ ಬಹುಪಾಲು ಮರದ ಪುಡಿಯನ್ನೋ ತೆಳುಪದರಗಳನ್ನೋ ಫಾರ್ಮಾಲ್ಡಿಹೈಡ್ ಬೆರೆತ ಅಂಟಿನಿಂದ ಒತ್ತಿ ತಯಾರಿಸಿದವು. ನೀರು ತಗುಲಿ ಉಬ್ಬಿದರೆ ಅವನ್ನು ಸರಿಪಡಿಸುವ ದಾರಿಯಿಲ್ಲ. ಹಳೆಯ ಸಾಗವಾನಿಯನ್ನು ಬಿಚ್ಚಿ, ಹತ್ತರಿ ಹೊಡೆದು, ಮತ್ತೆ ಜೋಡಿಸಬಹುದು. ಬಡಿಗೇರರು ಹನ್ನೆರಡು ದಿನ ಕೆಲಸ ಮಾಡಿದರು. ಅವರ ಕೂಲಿ ಹೊಸ ವಾರ್ಡ್‌ರೋಬಿನ ಬೆಲೆಗಿಂತ ಸ್ವಲ್ಪವೇ ಕಡಿಮೆ ಇತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ; ಹಳೆಯದನ್ನು ಉಳಿಸಿಕೊಂಡರೆ ಹಣವೂ ಉಳಿಯುತ್ತದೆ ಎಂದು ಹೇಳುವವರು ಒಳ್ಳೆಯ ಬಡಿಗೇರರಿಂದ ಕೆಲಸ ಮಾಡಿಸಿ ನೋಡಿರಲಾರರು.

ಕಪಾಟುಗಳಿಗೆ ಹೊಳಪು ಕೊಟ್ಟದ್ದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನಿಂದ. ಅರಗಿನ ಹುಳು ಮರದ ಕೊಂಬೆಯ ಮೇಲೆ ಕಟ್ಟುವ ಅಂಟೇ ಇದರ ಮೂಲ. ಬಟ್ಟೆಯ ಉಂಡೆಯಲ್ಲಿ ಅದ್ದಿ, ತೆಳ್ಳಗೆ ಹಲವು ಸಲ ತಿಕ್ಕಬೇಕು. ಇದಕ್ಕೆ ಬಿಸಿ ಆಗದು. ಗೃಹಪ್ರವೇಶದ ಮರುದಿನವೇ ಯಾರೋ ಚಹಾದ ಲೋಟವನ್ನು ಗಿಡ್ಡ ಕಪಾಟಿನ ಮೇಲಿಟ್ಟು ಬಿಳಿಯ ಉಂಗುರವೊಂದನ್ನು ಮೂಡಿಸಿದರು. ಆ ದಿನ ನನಗೆ ಅಳು ಬಂದಿತ್ತು. ಮುಂದಿನ ಸಲ ಬಂದ ಬಡಿಗೇರರು ಅದೇ ಬಟ್ಟೆಯ ಉಂಡೆಯಿಂದ ಹತ್ತು ನಿಮಿಷ ತಿಕ್ಕಿದಾಗ ಉಂಗುರ ಮಾಯವಾಯಿತು. ಚನ್ನಪಟ್ಟಣದ ಬೊಂಬೆಗಳ ಬಣ್ಣವೂ ಇದೇ ಅರಗಿನದು. ಅಲ್ಲಿ ಕುಂಚವಿಲ್ಲ, ತಿರುಗುವ ಹಾಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅದು ಕರಗಿ ಮೈಗೆ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿಯಿಂದ ತೀಡಿ ಹೊಳಪು ತರುತ್ತಾರೆ. ಬೊಂಬೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಬದಲು ಅದೇ ಕೆಲಸಗಾರರು ತಯಾರಿಸುವ ಅರಿಸಿನ ಬಣ್ಣದ ಗುಂಡು ಹಿಡಿಗಳನ್ನು ತಂದು ಕಪಾಟಿನ ಬಾಗಿಲುಗಳಿಗೆ ಹಾಕಿಸಿದೆವು. ಎಂಟು ವರ್ಷದ ಮಗಳು ದಿನಕ್ಕೆ ನೂರು ಸಲ ಅವನ್ನು ತಿರುವುತ್ತಾಳೆ.

ಇಷ್ಟು ಸುಲಭದ ಭಾಗ. ನಾನು ನಿಜವಾಗಿ ಬರೆಯಬೇಕೆಂದು ಕುಳಿತದ್ದು ಹಳೆಯ ಬಟ್ಟೆಗಳಿಂದ ಹೊಲಿಯುವ ಹೊದಿಕೆಯಾದ ಕೌದಿಯ ವಿಷಯ.

ಅತ್ತೆಯವರ ಟ್ರಂಕಿನಲ್ಲಿ ಹದಿನಾಲ್ಕು ಹಳೆಯ ಸೀರೆಗಳಿದ್ದವು. ಐದು ಇಳಕಲ್ಲಿನವು, ಉಳಿದವು ದಿನಬಳಕೆಯ ನೂಲಿನವು. ಒಡಲು ಜೀರ್ಣವಾಗಿದ್ದರೂ ಇಳಕಲ್ಲಿನ ಸೆರಗುಗಳು, ಅವುಗಳ ಕೆಂಪು ನೆಲದ ಮೇಲಿನ ಬಿಳಿಯ ತೋಪುತೆನೆ ನಮೂನೆಗಳು, ಇನ್ನೂ ಗಟ್ಟಿಯಾಗಿದ್ದವು. ಉತ್ತರ ಕರ್ನಾಟಕದ ಮನೆಗಳಲ್ಲಿ ಇಂಥ ಸೀರೆಗಳು ಕೊನೆಗೆ ಸೇರುವುದು ಕೌದಿಗೆ. ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಹೊರಟು ಒಳಗೊಳಗೆ ಸುತ್ತುತ್ತ ನಡುವಿನವರೆಗೆ ಒಂದೇ ಸಮನೆ ಚಿಕ್ಕ ಹೊಲಿಗೆಗಳನ್ನು ಹಾಕುತ್ತ ಹೋಗುವುದು ಅದರ ಕ್ರಮ. ಉತ್ತರ ಕನ್ನಡದ ಹಳಿಯಾಳ ಮತ್ತು ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯೂ ಇದರ ನೆಂಟತಿಯೇ. ಅವರು ನಾಲ್ಕೂ ಮೂಲೆಗಳಿಗೆ ಮಡಚಿದ ಬಟ್ಟೆಯ ಹೂಗಳನ್ನು ಇಡುತ್ತಾರೆ. ದೊಡ್ಡ ನಗರಗಳ ಪ್ರದರ್ಶನಗಳಲ್ಲಿ ಈಗ ಈ ಹೊದಿಕೆಗಳನ್ನು ಗೋಡೆಗೆ ತೂಗುಹಾಕಿ ಕಲಾಕೃತಿಗಳೆಂದು ಮಾರುತ್ತಾರೆ. ಅದನ್ನು ನೋಡಿಯೇ ನಮ್ಮ ಮಂಚಕ್ಕೊಂದು, ಪಡಸಾಲೆಯ ಗೋಡೆಗೊಂದು ಕೌದಿ ಬೇಕೆಂಬ ಆಸೆ ನನ್ನಲ್ಲಿ ಮೂಡಿತ್ತು.

ಓಣಿಯ ಆಚೆ ಬದಿಯಿಂದ ಕೌದಿ ಹೊಲಿಯುವ ಹೆಣ್ಣುಮಗಳೊಬ್ಬಳನ್ನು ಅತ್ತೆಯವರು ಕರೆಸಿದರು. ಅರವತ್ತು ದಾಟಿದವಳು, ಬಂದವಳೇ ಸೀರೆಗಳನ್ನು ಬೆಳಕಿಗೆ ಹಿಡಿದು, ಯಾವುದು ಒಳಗೆ, ಯಾವುದು ಮೇಲೆ ಎಂದು ಬೇರ್ಪಡಿಸಿದಳು. ಒಂದು ಕೌದಿಗೆ ಸಾವಿರದ ಇನ್ನೂರು ರೂಪಾಯಿ ಕೇಳಿದಳು. ಅತ್ತೆಯವರು ಎಂಟುನೂರು ಅಂದರು. ಒಂಬೈನೂರಕ್ಕೆ ಮಾತು ಮುಗಿಯುವಷ್ಟರಲ್ಲಿ ನಾನು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದೆ. ದಿನವಿಡೀ ಕುಳಿತರೆ ಇಪ್ಪತ್ತು ದಿನ ಎಂಬ ಉತ್ತರ ಬಂತು. ಒಂಬೈನೂರನ್ನು ಇಪ್ಪತ್ತರಿಂದ ಭಾಗಿಸಿದರೆ ದಿನಕ್ಕೆ ನಲವತ್ತೈದು ರೂಪಾಯಿ ಬರುತ್ತದೆ. ಹೊಸ ಬಟ್ಟೆಯ ಒಂದು ಎಳೆಯೂ ಇಲ್ಲದ, ವಿಷದ ಬಣ್ಣವಿಲ್ಲದ, ನೂರು ಹೆಜ್ಜೆಯ ದೂರದಲ್ಲೇ ತಯಾರಾಗುವ ಆ ಹೊದಿಕೆಗೆ ಯಾವ ಪರಿಸರವಾದಿಯೂ ಕೊಂಕು ತೆಗೆಯಲಾರ. ಕೂಲಿಯ ಲೆಕ್ಕದಲ್ಲಿ ಮಾತ್ರ ಅದು ನಾವು ಬೇಡವೆಂದು ದೂರವಿಟ್ಟ ಕಾರ್ಖಾನೆಯ ಮಾಲಿಗಿಂತ ಕೀಳಾಗಿತ್ತು, ಮತ್ತು ಆ ಲೆಕ್ಕ ನಡೆದದ್ದು ನಮ್ಮದೇ ಕಟ್ಟೆಯ ಮೇಲೆ.

ಹೊಲದ ಕೆಲಸಕ್ಕೆ ಹೋದರೆ ಆಕೆಗೆ ದಿನಕ್ಕೆ ಮುನ್ನೂರು ಸಿಗುತ್ತಿತ್ತು. ಅದೇ ದರದಲ್ಲಿ ಆರು ಸಾವಿರ ಕೊಡೋಣ ಎಂದೆ. "ಆರು ಸಾವಿರಕ್ಕ ಹುಬ್ಬಳ್ಳ್ಯಾಗ ನಾಕು ರಗ್ಗು ಬರ್ತಾವ ನೋಡವಾ" ಎಂದರು ಅತ್ತೆ. ಅದು ನಿರೀಕ್ಷಿಸಿದ ಮಾತೇ. ಆದರೆ ಹೊಲಿಯುವವಳೂ ಕೈ ಆಡಿಸಿ, "ಅಷ್ಟು ಬ್ಯಾಡ್ರಿ ಅಕ್ಕಾರ. ಸುದ್ದಿ ಹಬ್ಬಿದ್ರ ನಾಳೆ ಓಣ್ಯಾಗ ಯಾರೂ ನನ್ನ ಕರೆಯಂಗಿಲ್ಲ" ಎಂದಳು. ನನ್ನ ಔದಾರ್ಯ ಆಕೆಯ ಉಳಿದ ಗಿರಾಕಿಗಳನ್ನು ಕಸಿದುಕೊಳ್ಳಬಹುದೆಂಬ ಯೋಚನೆ ನನಗೆ ಹೊಳೆದಿರಲಿಲ್ಲ. ಒಂದು ತಾಸಿನ ಮಾತುಕತೆಯ ನಂತರ, ಕೌದಿಗೆ ಓಣಿಯ ದರವಾದ ಸಾವಿರದ ಇನ್ನೂರು, ಮಧ್ಯಾಹ್ನದ ಊಟ, ಮತ್ತು ನನಗೂ ಮಗಳಿಗೂ ಹೊಲಿಗೆ ಕಲಿಸುವುದಕ್ಕೆ ಬೇರೆಯಾಗಿ ಮೂರು ಸಾವಿರ ಎಂದು ಒಪ್ಪಂದವಾಯಿತು. ಕಲಿಸುವುದಕ್ಕೆ ಓಣಿಯಲ್ಲಿ ದರವಿರಲಿಲ್ಲವಾದ್ದರಿಂದ ಅಲ್ಲಿ ಯಾರ ಲೆಕ್ಕವೂ ಕೆಡಲಿಲ್ಲ. ಇದು ನ್ಯಾಯವೋ ಜಾಣತನವೋ ನನಗೆ ಈಗಲೂ ಖಚಿತವಿಲ್ಲ.

ಕೌದಿ ಮುಗಿಯುವ ದಿನ ನಡುವಿನಲ್ಲಿ ಅಂಗೈಯಗಲದ ಜಾಗ ಉಳಿದಾಗ, ಅತ್ತೆಯವರು ಒಂದು ಚಿಟಿಕೆ ಅಕ್ಕಿಯನ್ನು ತಂದು ಅದರೊಳಗೆ ಇಡಿಸಿ ಹೊಲಿಸಿದರು. ಹಸಿದ ಹೊಟ್ಟೆಯ ಕೌದಿಯನ್ನು ಹೊದೆಯಬಾರದು ಎಂಬುದು ನಮ್ಮ ಮನೆಯ ರೂಢಿ. ಗೋಡೆಗೆ ಹಾಕುವ ನನ್ನ ಯೋಜನೆ ಕೇಳಿ ಇಬ್ಬರೂ ನಕ್ಕರು. ಅದು ಈಗ ಮಂಚದ ಮೇಲೆಯೇ ಇದೆ.

ನೆಲಕ್ಕೆ ಹಾಸಲು ಜಮಖಾನೆ ಬೇಕಿತ್ತು, ಅದಕ್ಕಾಗಿ ನವಲಗುಂದಕ್ಕೆ ಹೋದೆವು. ಹುಬ್ಬಳ್ಳಿಯಿಂದ ವಿಜಯಪುರದತ್ತ ಹೋಗುವ ದಾರಿಯಲ್ಲಿರುವ ಈ ಊರನ್ನು ಹೊರಗಿನವರು 1980ರ ರೈತ ಬಂಡಾಯದಿಂದ ಬಲ್ಲರು. ಜಮಖಾನೆಯ ಹೆಸರು ಅದಕ್ಕಿಂತ ಬಹಳ ಹಳೆಯದು. ಇಲ್ಲಿ ನೇಯುವವರು ಹೆಂಗಸರು, ನೇಯುವುದು ಮನೆಯೊಳಗೆ ಗೋಡೆಗೆ ಆನಿಸಿದಂತೆ ನೆಟ್ಟಗೆ ನಿಂತ ಮಗ್ಗದಲ್ಲಿ. ಬಣ್ಣದ ಹತ್ತಿಯ ಎಳೆಗಳನ್ನು ಬೆರಳಿನಿಂದಲೇ ಹಾಯಿಸಿ, ಪಂಜಾ ಎಂಬ ಕಬ್ಬಿಣದ ಬಾಚಣಿಗೆಯಿಂದ ಬಡಿದು ಕೂರಿಸುತ್ತಾರೆ. ನವಿಲು, ಪಗಡೆಯ ಹಾಸು, ಕೋನಗಳ ಮೇಲೆ ಕೋನಗಳು ಎಂದು ನಮೂನೆಗಳು ಎದ್ದು ಬರುತ್ತವೆ. ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಇದಕ್ಕಿದೆ. ಗುಟ್ಟು ಬೇರೆ ಮನೆಗೆ ಹೋಗದಿರಲೆಂದು ಹಿಂದೆ ಈ ವಿದ್ಯೆಯನ್ನು ಮಗಳಿಗೆ ಕಲಿಸದೆ ಸೊಸೆಗೆ ಮಾತ್ರ ಕಲಿಸುತ್ತಿದ್ದರಂತೆ. ಈ ಮಾತನ್ನು ಕೇಳಿ ಅತ್ತೆಯವರು ನನ್ನತ್ತ ನೋಡಿದ ನೋಟದಲ್ಲಿ ಸ್ವಲ್ಪ ಹೆಮ್ಮೆ ಇತ್ತೆಂದು ನನಗೆ ತೋರಿತು. ಈಗ ಕಲಿಯಲು ಸೊಸೆಯಂದಿರೂ ಮುಂದೆ ಬರುತ್ತಿಲ್ಲ. ಮಗ್ಗಕ್ಕೆ ಕೂರುವವರು ಕೈಬೆರಳ ಎಣಿಕೆಗೆ ಇಳಿದಿದ್ದಾರೆ.

ಪೇಟೆಯಲ್ಲಿ ನವಲಗುಂದದ ನಮೂನೆಯ, ಯಂತ್ರದಲ್ಲಿ ತಯಾರಾದ ಅಗ್ಗದ ಹಾಸುಗಳೂ ಸಿಗುತ್ತವೆ. 1985ರ ಕೈಮಗ್ಗ ಮೀಸಲಾತಿ ಕಾನೂನಿನ ಅಡಿಯಲ್ಲಿ ಕೈಮಗ್ಗಕ್ಕೆಂದು ಮೀಸಲಿಟ್ಟ ಬಟ್ಟೆಗಳ ಪಟ್ಟಿಯಲ್ಲಿ ಜಮಖಾನೆಯೂ ಇದೆ ಎಂಬುದು ಅಂಗಡಿಯ ಗಲ್ಲೆಯವರೆಗೆ ತಲುಪಿದ ಹಾಗೆ ಕಾಣುವುದಿಲ್ಲ. ಮಗುಚಿ ನೋಡುವುದು ಒಳ್ಳೆಯದು. ಅಚ್ಚು ಹಾಕಿದ ನಮೂನೆ ಹಿಂಬದಿಯಲ್ಲಿ ಮಸುಕಾಗಿರುತ್ತದೆ, ನೇಯ್ದದ್ದು ಹಾಗಿರುವುದಿಲ್ಲ. ಮಗ್ಗದ ಮುಂದೆ ನಿಂತು ಕೊಂಡರೆ ಆ ಪರೀಕ್ಷೆಯ ಅಗತ್ಯವೂ ಬೀಳುವುದಿಲ್ಲ. ನಾವು ಮುಂಗಡ ಕೊಟ್ಟು ಎರಡು ತಿಂಗಳು ಕಾದೆವು. ನಮ್ಮ ಮನೆಯಲ್ಲಿ ಯಾರೂ ಇಷ್ಟು ದಿನ ಯಾವ ವಸ್ತುವಿಗೂ ಕಾದಿರಲಿಲ್ಲ.

ಪರದೆಗಳ ಕತೆ ನನ್ನ ಮೂರ್ಖತನದ್ದು. ಭಾರತದ ರಾಷ್ಟ್ರಧ್ವಜಗಳನ್ನು ತಯಾರಿಸುವ, 1957ರಲ್ಲಿ ಸ್ಥಾಪನೆಯಾದ ಖಾದಿ ಸಂಘ ಇರುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಇಷ್ಟು ಹತ್ತಿರ ಖಾದಿಯ ಇಂಥ ತಾಣವಿರುವಾಗ ಬೇರೆ ಬಟ್ಟೆ ಯಾಕೆಂದು ಕಿಟಕಿಗಳಿಗೆಲ್ಲ ಖಾದಿಯನ್ನೇ ಕೊಂಡು, ನೆನೆಹಾಕದೆ ನೇರವಾಗಿ ದರ್ಜಿಗೆ ಕೊಟ್ಟೆ. ಮೊದಲ ಒಗೆತದಲ್ಲೇ ಪರದೆಗಳು ಒಂದು ಗೇಣು ಮೇಲೇರಿದವು. ಕೆಳಗೆ ಹಳೆಯ ಸೀರೆಯ ದಡಿಗಳನ್ನು ಜೋಡಿಸಿ ಉದ್ದ ಮಾಡಿಸಿದೆವು. ಬಂದವರು ಅದನ್ನೇ ಬೇಕೆಂದು ಮಾಡಿಸಿದ ಅಂದವೆಂದು ಹೊಗಳುತ್ತಾರೆ, ನಾನೂ ಸುಮ್ಮನಿರುತ್ತೇನೆ.

ಅಡುಗೆಮನೆಗೆ ಬಿದಿರಿನ ಮೊರ, ಬುಟ್ಟಿಗಳನ್ನು ತರುವ ಮಾತೆತ್ತಿದಾಗ ಅತ್ತೆಯವರು ಖಂಡಿತವಾಗಿ ಬೇಡವೆಂದರು. ಅವರು ಹೊಸ ಸೊಸೆಯಾಗಿ ಬಂದ ಕಾಲದಲ್ಲಿ ಮೊರದ ಸಂದುಗಳನ್ನು ಮುಚ್ಚಲು ಮೆಂತ್ಯವನ್ನು ನೆನೆಸಿ ರುಬ್ಬಿ ಬಳಿಯಬೇಕಿತ್ತು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಲೆಯ ಮೇಲೆ ಕಟ್ಟಬೇಕಿತ್ತು, ಮತ್ತು ಆ ಕೆಲಸಗಳಲ್ಲಿ ಒಂದೂ ಗಂಡಸರ ಪಾಲಿಗೆ ಬರುತ್ತಿರಲಿಲ್ಲ. ಪ್ಲಾಸ್ಟಿಕ್ ಬುಟ್ಟಿ ಬಂದ ದಿನ ತಮಗೆ ಹಬ್ಬವಾಗಿತ್ತು ಎಂದರು. ಕೈಯಿಂದ ತಯಾರಾದ ವಸ್ತುಗಳನ್ನು ಹೊಗಳುವ ಬರಹಗಳಲ್ಲಿ ಅವನ್ನು ತೊಳೆದು, ಒಣಗಿಸಿ, ಬಿಸಿಲಿಗೆ ಹಾಕಿ ಕಾಪಾಡುವ ಕೈಗಳ ಮಾತು ಬರುವುದೇ ಇಲ್ಲ. ನೆನೆದ ಜಮಖಾನೆಯನ್ನು ಒಬ್ಬರೇ ಎತ್ತಲಾರರು. ಅದನ್ನು ಮನೆಗೆಲಸಕ್ಕೆ ಬರುವವಳ ಮೇಲೆ ಹೊರಿಸಿ ನವಲಗುಂದದ ನೇಕಾರ್ತಿಯ ಕೂಲಿಯ ಬಗ್ಗೆ ಚಿಂತಿಸುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಜಮಖಾನೆ ಒಗೆಯುವುದು ಮತ್ತು ಕೌದಿಗಳನ್ನು ಬಿಸಿಲಿಗೆ ಹಾಕುವುದು ಯಜಮಾನರ ಪಾಲಿಗೆ, ಕಪಾಟಿಗೆ ಅರಗು ತಿಕ್ಕುವುದು ನನ್ನ ಪಾಲಿಗೆ ಎಂದು ಗೊತ್ತು ಮಾಡಿಕೊಂಡೆವು. ಮೊರ ತರಲಿಲ್ಲ.

ಮಾವನವರಿಗೆ ನಿವೃತ್ತಿಯ ದಿನ ಬಂದ ಮೈಸೂರಿನ ಬೀಟೆ ಕೆತ್ತನೆಯ ಆನೆಯನ್ನು ಉಳಿಸಿಕೊಂಡಿದ್ದೇವೆ. ಬೀಟೆ ಈಗ ಅಳಿವಿನ ಭಯದಲ್ಲಿರುವ ಮರವಾದ್ದರಿಂದ ಅದಕ್ಕೊಂದು ಜೋಡಿಯನ್ನು ಹುಡುಕುವ ಆಸೆಯನ್ನು ಬಿಟ್ಟಿದ್ದೇವೆ. ಹೊಸದಾಗಿ ತಂದ ಮರದ ಸಾಮಾನೆಂದರೆ ಲಂಟಾನಾದ ಒಂದು ಪುಸ್ತಕದ ಗೂಡು. 19ನೆಯ ಶತಮಾನದಲ್ಲಿ ತೋಟದ ಅಲಂಕಾರಕ್ಕೆಂದು ಈ ದೇಶಕ್ಕೆ ತಂದ ಆ ಗಿಡ ಇಂದು ಬಂಡೀಪುರದಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಕಾಡಿನ ನೆಲವನ್ನು ನುಂಗಿ ಹಾಕಿದೆ. ಬೆಟ್ಟದ ಸೋಲಿಗರು ಅದರ ಕಡ್ಡಿಗಳನ್ನು ಕುದಿಸಿ, ತೊಗಟೆ ಸುಲಿದು, ಬೆತ್ತದಂತೆ ಬಾಗಿಸಿ ಪೀಠೋಪಕರಣ ಮಾಡುತ್ತಾರೆ. ಎಷ್ಟು ಕಡಿದರೂ ಕಾಡಿಗೆ ಲಾಭವೇ ಆಗುವ ಕಟ್ಟಿಗೆ ಬೇರೆ ಯಾವುದಿದೆ?

ಕಟ್ಟೆಯ ಮೇಲೆ ಇನ್ನೂ ನಾಲ್ಕು ಕಂದು ಪ್ಲಾಸ್ಟಿಕ್ ಕುರ್ಚಿಗಳಿವೆ. ನೋಡಲು ಕೆಟ್ಟದಾಗಿವೆ, ಹದಿಮೂರು ವರ್ಷವಾದರೂ ಒಂದೂ ಮುರಿದಿಲ್ಲ, ಎಸೆದರೆ ಊರ ಹೊರಗಿನ ತಿಪ್ಪೆಯಲ್ಲಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೆಯೇ ಇರುತ್ತವೆ. ಕೌದಿ ಹೊಲಿಯುವವಳು ಎರಡನೆಯ ಕೌದಿಗಾಗಿ ಈಗ ಬರುತ್ತಿದ್ದಾಳೆ. ನೆಲಕ್ಕೆ ಕುಳಿತು ಮಂಡಿ ನೋವಾದಾಗ ಎದ್ದು ಹೋಗಿ, ಆ ಕುರ್ಚಿಗಳಲ್ಲೊಂದನ್ನು ಬೇವಿನ ನೆರಳಿಗೆ ಎಳೆದುಕೊಂಡು ಚಹಾ ಕುಡಿಯುತ್ತಾಳೆ.